ಘಟನಾ ದತ್ತಾಂಶಕ್ಕೆ ತಂತ್ರಾಂಶದ ಆಯ್ಕೆ: ವಿಶೇಷೋದ್ದೇಶದ್ದೋ, ಹೊಂದಿಸಿಕೊಳ್ಳಬಹುದಾದದ್ದೋ?

(ಗ್ರಾಮ ಪಂಚಾಯಿತಿಗಳ ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು ಮತ್ತು ಡಾಟಾ ಎಂಟ್ರಿ ಆಪರೇಟರ್‌ಗಳಿಗಾಗಿ ಏರ್ಪಡಿಸಿದ್ದ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಇಂದು ನನಗೆ ವಹಿಸಿರುವ ವಿಷಯ ನೋಟಕ್ಕೆ ತಾಂತ್ರಿಕವಾದದ್ದು. ಆದರೆ ಅದರ ಪರಿಣಾಮ ಬೀಳುವುದು ಕುಡಿಯುವ ನೀರಿನ ನಲ್ಲಿಯ ಮೇಲೆ, ಬೀದಿದೀಪದ ಕಂಬದ ಮೇಲೆ ಮತ್ತು ಪಂಚಾಯಿತಿಯ ನಿಧಿಯ ಮೇಲೆ. ಈಚಿನ ವರ್ಷಗಳಲ್ಲಿ ನಮ್ಮ ಕಚೇರಿಗಳಿಗೆ ಖಾಸಗಿ ತಂತ್ರಾಂಶ ಸಂಸ್ಥೆಗಳ ಪ್ರತಿನಿಧಿಗಳು ಬರುವುದು ಹೆಚ್ಚಿದೆ. ನೀರು ಸರಬರಾಜು ನಿರ್ವಹಣೆಗೆ ಒಂದು, ದೂರು ನಿರ್ವಹಣೆಗೆ ಒಂದು, ಕಸ ಸಂಗ್ರಹಣೆಯ ವಾಹನಗಳಿಗೆ ಇನ್ನೊಂದು, ಹೀಗೆ ಸಿದ್ಧ ತಂತ್ರಾಂಶಗಳನ್ನು ತೋರಿಸುತ್ತಾರೆ. ಅದೇ ವೇಳೆಗೆ ನಮ್ಮ ಡಾಟಾ ಎಂಟ್ರಿ ಆಪರೇಟರ್, “ಸರ್, ಇದನ್ನೆಲ್ಲ ನಾನು ಎಕ್ಸೆಲ್‌ನಲ್ಲೇ ಮಾಡಿಕೊಡುತ್ತೇನೆ” ಎನ್ನುತ್ತಾರೆ. ಯಾರ ಮಾತನ್ನು ಕೇಳಬೇಕು? ಇದು ಇಂದಿನ ಪ್ರಶ್ನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಘಟನೆಯ ಸ್ವರೂಪವನ್ನು ಕಾನೂನು ನಿಗದಿಪಡಿಸಿದೆಯೋ ಅದಕ್ಕೆ ವಿಶೇಷೋದ್ದೇಶದ ತಂತ್ರಾಂಶವೇ ತಕ್ಕದ್ದು. ಯಾವ ಘಟನೆಯ ಸ್ವರೂಪವನ್ನು ಊರು ಇನ್ನೂ ಅರಿತುಕೊಳ್ಳುತ್ತಿದೆಯೋ ಅದಕ್ಕೆ ಹೊಂದಿಸಿಕೊಳ್ಳಬಹುದಾದ ತಂತ್ರಾಂಶ ತಕ್ಕದ್ದು. ಆದರೆ ಶಿಸ್ತಿನ ಚೌಕಟ್ಟಿನೊಳಗೆ ಮಾತ್ರ. ಇವೆರಡರಲ್ಲಿ ಯಾವುದನ್ನು ಆರಿಸಿದರೂ ದಾಖಲೆ ಪಂಚಾಯಿತಿಯ ಸ್ವತ್ತಾಗಿ ಉಳಿಯಬೇಕು. ಈ ಮಾತನ್ನು ಮುಂದೆ ವಿವರಿಸುತ್ತೇನೆ.

1. ಘಟನಾ ದತ್ತಾಂಶ ಎಂದರೇನು?

ನಮ್ಮ ದಾಖಲೆಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಸ್ಥಿತಿಯನ್ನು ಹೇಳುವ ದಾಖಲೆ. ಗ್ರಾಮದಲ್ಲಿ ಎಷ್ಟು ಆಸ್ತಿಗಳಿವೆ, ಎಷ್ಟು ನಳ ಸಂಪರ್ಕಗಳಿವೆ, ಎಷ್ಟು ಬೀದಿದೀಪಗಳಿವೆ ಎಂಬುದು ಸ್ಥಿತಿ. ಎರಡನೆಯದು ನಡೆದದ್ದನ್ನು ಹೇಳುವ ದಾಖಲೆ. ಇಂದು ಬೆಳಿಗ್ಗೆ ಮೋಟಾರು ಚಾಲನೆಗೊಂಡಿತು, ಪೈಪು ಒಡೆಯಿತು, ದೂರು ಬಂತು, ರಸೀದಿ ಹರಿಯಲಾಯಿತು, ಸ್ವಚ್ಛ ವಾಹಿನಿ ಬೀದಿಗೆ ಬಂದು ಹೋಯಿತು, ಇವೆಲ್ಲ ಘಟನೆಗಳು.

ಒಂದು ಘಟನೆಯ ದಾಖಲೆ ಪೂರ್ಣವೆನಿಸಬೇಕಾದರೆ ಐದು ಅಂಶಗಳಿರಬೇಕು: ಏನು ನಡೆಯಿತು, ಎಲ್ಲಿ ನಡೆಯಿತು, ಯಾವಾಗ ನಡೆಯಿತು, ಯಾರಿಂದ ಅಥವಾ ಯಾರಿಗೆ ನಡೆಯಿತು, ಮತ್ತು ಅದನ್ನು ಬರೆದವರು ಯಾರು. ಇವುಗಳಲ್ಲಿ ಕೊನೆಯದನ್ನು ನಾವು ಹಲವು ವೇಳೆ ಮರೆಯುತ್ತೇವೆ. ಘಟನೆ ನಡೆದ ಸಮಯ ಬೇರೆ, ಅದನ್ನು ನಮೂದಿಸಿದ ಸಮಯ ಬೇರೆ ಎಂಬುದನ್ನೂ ಮರೆಯುತ್ತೇವೆ. ಬೆಳಿಗ್ಗೆ 6ಕ್ಕೆ ನಡೆದದ್ದನ್ನು ಸಂಜೆ 5ಕ್ಕೆ ಬರೆದರೆ ತಪ್ಪೇನಿಲ್ಲ. ಆದರೆ ಎರಡೂ ಸಮಯಗಳು ದಾಖಲೆಯಲ್ಲಿ ಕಾಣಬೇಕು.

ಘಟನಾ ದತ್ತಾಂಶಕ್ಕೆ ಇನ್ನೊಂದು ಲಕ್ಷಣವಿದೆ. ನಡೆದುಹೋದದ್ದನ್ನು ಅಳಿಸಲಾಗದು. ಇದು ನಮಗೆ ಹೊಸ ತತ್ತ್ವವೇನಲ್ಲ. ನಗದು ಪುಸ್ತಕದಲ್ಲಿ ತಪ್ಪು ನಮೂದಾದರೆ ನಾವು ಅದನ್ನು ಕೆರೆದು ಅಳಿಸುವುದಿಲ್ಲ. ಓದಲು ಬರುವಂತೆ ಗೆರೆ ಎಳೆದು, ಸರಿಯಾದ ಮೊತ್ತವನ್ನು ಬರೆದು, ದೃಢೀಕರಿಸಿ ಕಿರು ಸಹಿ ಮಾಡುತ್ತೇವೆ. ತಿದ್ದುಪಡಿಯೂ ಒಂದು ಘಟನೆ, ಅದಕ್ಕೂ ದಿನಾಂಕ ಮತ್ತು ಹೊಣೆಗಾರರು ಇರಬೇಕು ಎಂಬುದು ಅದರ ಅರ್ಥ. ತಂತ್ರಾಂಶಕ್ಕೂ ಇದೇ ಅಳತೆಗೋಲನ್ನು ಹಿಡಿಯಬೇಕು.

2. ಎರಡು ಬಗೆಯ ತಂತ್ರಾಂಶಗಳು

ವಿಶೇಷೋದ್ದೇಶದ ತಂತ್ರಾಂಶವನ್ನು ಒಂದೇ ಕೆಲಸಕ್ಕಾಗಿ ಕಟ್ಟಿರುತ್ತಾರೆ. ಅದರಲ್ಲಿ ಯಾವ ಘಟನೆಗಳನ್ನು ದಾಖಲಿಸಬಹುದು, ಯಾವ ಕ್ರಮದಲ್ಲಿ, ಯಾರ ಅನುಮೋದನೆಯೊಂದಿಗೆ ಎಂಬುದೆಲ್ಲ ಪೂರ್ವನಿಶ್ಚಿತ. ನಾವು ಅದರಲ್ಲಿ ತುಂಬಬಹುದು. ಅದರ ಕಲಂಗಳನ್ನು ಬದಲಿಸಲಾಗದು. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ, ಮೈಗೆ ಒಪ್ಪಿದರೆ ಚೆನ್ನ.

ಹೊಂದಿಸಿಕೊಳ್ಳಬಹುದಾದ ತಂತ್ರಾಂಶ ಪಂಚೆಯಂತೆ: ಉಟ್ಟುಕೊಳ್ಳಲು ಬರುವವನಿಗೆ ಯಾವ ಅಳತೆಗೂ ಸರಿ. ಸ್ಪ್ರೆಡ್‌ಶೀಟ್ ಇದರ ಸರಳ ರೂಪ. ಎಕ್ಸೆಲ್ ಮತ್ತು ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ತಮಗೆ ಪರಿಚಿತವಾದವು. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ನಮೂನೆಗಳನ್ನು ನಾವೇ ರಚಿಸಿ ಮೊಬೈಲಿನಲ್ಲಿ ತುಂಬಿಸಿಕೊಳ್ಳುವ ಉಪಕರಣಗಳು. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಓಪನ್ ಡಾಟಾ ಕಿಟ್ ಈ ಬಗೆಯದು. ಅದರ ಮೂಲ ಸಂಕೇತ ಮುಕ್ತವಾಗಿದೆ. ಪ್ರಶ್ನೆಗಳ ಪಟ್ಟಿಯನ್ನು ಸ್ಪ್ರೆಡ್‌ಶೀಟಿನಲ್ಲೇ ಬರೆದು ನಮೂನೆಯಾಗಿ ಪರಿವರ್ತಿಸಬಹುದು; ನೆಟ್‌ವರ್ಕ್ ಇಲ್ಲದ ಕಡೆಯೂ ಆಂಡ್ರಾಯ್ಡ್ ಫೋನಿನಲ್ಲಿ ತುಂಬಿ, ಸಂಪರ್ಕ ಸಿಕ್ಕಾಗ ಸರ್ವರ್‌ಗೆ ಕಳುಹಿಸಬಹುದು. ಗುಡ್ಡದ ಮರೆಯಲ್ಲಿರುವ ಗ್ರಾಮಗಳಿಗೆ ಈ ಗುಣ ಸಣ್ಣದಲ್ಲ.

3. ಎಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ

1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ವ್ಯವಸ್ಥೆಯಲ್ಲಿ ಘಟನೆಯ ವಿವರವನ್ನು 21 ದಿನಗಳೊಳಗೆ ನೀಡಬೇಕು. ಯಾವ ವಿವರಗಳು, ಯಾವ ನಮೂನೆಯಲ್ಲಿ ಎಂಬುದು ನಿಗದಿಯಾಗಿದೆ. ಉದ್ಯೋಗ ಖಾತರಿ ಕಾಮಗಾರಿಗಳ ಹಾಜರಾತಿಯನ್ನು ಸ್ಥಳದ ಗುರುತಿರುವ ಭಾವಚಿತ್ರಗಳೊಂದಿಗೆ ದಿನಕ್ಕೆ ಎರಡು ಬಾರಿ ಎನ್‌ಎಂಎಂಎಸ್ ಆ್ಯಪ್ ಮೂಲಕ ದಾಖಲಿಸುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಯೋಜನೆ ಮತ್ತು ಲೆಕ್ಕಪತ್ರಗಳಿಗೆ 2020ರ ಏಪ್ರಿಲ್ 24ರಂದು ಲೋಕಾರ್ಪಣೆಗೊಂಡ ಇ-ಗ್ರಾಮ ಸ್ವರಾಜ್ ಇದೆ. ರಾಜ್ಯದ ಪಂಚತಂತ್ರ ಇದೆ. ಆಸ್ತಿಗಳ ನಮೂನೆ-9 ಮತ್ತು ನಮೂನೆ-11ಕ್ಕೆ ಇ-ಸ್ವತ್ತು ಇದೆ. ಇಂಥಲ್ಲಿ ನಾವು ನಮ್ಮದೇ ಹಾಳೆಗಳನ್ನು ಸೃಷ್ಟಿಸಿಕೊಂಡರೆ ಒಂದೇ ಸಂಗತಿಗೆ ಎರಡು ದಾಖಲೆಗಳಾಗುತ್ತವೆ. ಅವೆರಡೂ ಒಂದಕ್ಕೊಂದು ತಾಳೆಯಾಗದಿದ್ದಾಗ ಲೆಕ್ಕ ಪರಿಶೋಧಕರ ಆಕ್ಷೇಪಣೆಗೆ ಉತ್ತರ ಬರೆಯುವವರು ನಾವೇ.

ಇಲ್ಲಿ ವಿಶೇಷೋದ್ದೇಶದ ತಂತ್ರಾಂಶ ಏಕೆ ಸರಿ? ಘಟನೆಯ ಸ್ವರೂಪ ಊರಿಂದ ಊರಿಗೆ ಬದಲಾಗುವುದಿಲ್ಲ. ಬೀದರಿನ ಜನನ ಪ್ರಮಾಣ ಪತ್ರಕ್ಕೂ ಚಾಮರಾಜನಗರದ್ದಕ್ಕೂ ಭೇದವಿರಬಾರದು. ಏಕರೂಪತೆಯೇ ಅಲ್ಲಿ ನಾಗರಿಕರ ಹಕ್ಕು.

4. ಎಲ್ಲಿ ನಿಜವಾದ ಆಯ್ಕೆ ಇದೆ

ಕುಡಿಯುವ ನೀರಿನ ದೈನಂದಿನ ನಿರ್ವಹಣೆಯನ್ನು ತೆಗೆದುಕೊಳ್ಳೋಣ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್ ಪ್ರತಿ ಮನೆಗೆ ನಳ ಸಂಪರ್ಕವನ್ನೂ ತಲಾ ದಿನಕ್ಕೆ 55 ಲೀಟರ್ ನೀರನ್ನೂ ಗುರಿಯಾಗಿಸಿತು. ನಳ ಸಂಪರ್ಕವಿದೆ ಎಂಬುದು ಸ್ಥಿತಿ. ಆ ನಲ್ಲಿಯಲ್ಲಿ ಇಂದು ನೀರು ಬಂತೇ ಎಂಬುದು ಘಟನೆ. ಮೊದಲನೆಯದನ್ನು ರಾಷ್ಟ್ರಮಟ್ಟದ ಜಾಲತಾಣ ತೋರಿಸುತ್ತದೆ. ಎರಡನೆಯದು ತಿಳಿದಿರುವುದು ನೀರುಗಂಟಿಗೆ ಮತ್ತು ಆ ಮನೆಯ ಹೆಣ್ಣುಮಕ್ಕಳಿಗೆ.

ನಮ್ಮ ಪಂಚಾಯಿತಿಯ ಒಂದು ಗ್ರಾಮದಲ್ಲಿ ಓವರ್‌ಹೆಡ್ ಟ್ಯಾಂಕಿನಿಂದ ಹೊರಟ ಕೊಳವೆ ದೊಡ್ಡ ಬೀದಿಯನ್ನು ಹಾದು, ಶಾಲೆಯ ಬಳಿ ತಿರುಗಿ, ಕಟ್ಟಕಡೆಗೆ ಪರಿಶಿಷ್ಟ ಜಾತಿ ಕಾಲೋನಿಯನ್ನು ತಲುಪುತ್ತದೆ. ನೀರುಗಂಟಿಯ ಪುಸ್ತಕದಲ್ಲಿ ಪ್ರತಿದಿನದ ನಮೂದೂ ಸರಿಯಾಗಿತ್ತು: ಮೋಟಾರು ಚಾಲನೆ, ಮೋಟಾರು ನಿಲುಗಡೆ, ವಾಲ್ವ್ ತೆರೆದದ್ದು, ಮುಚ್ಚಿದ್ದು. ಆದರೂ ಕಾಲೋನಿಯ ಮಹಿಳೆಯರು ಖಾಲಿ ಕೊಡಗಳೊಂದಿಗೆ ಕಚೇರಿಗೆ ಬರುತ್ತಿದ್ದರು. “ನೀರು ಬಿಟ್ಟಿದ್ದೇನೆ” ಎಂದು ನೀರುಗಂಟಿ, “ನೀರು ಬಂದಿಲ್ಲ” ಎಂದು ಮಹಿಳೆಯರು. ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಸದಸ್ಯರು ಎರಡು ಪಂಗಡವಾದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ನೀರು ಬಿಡುವುದು ಒಂದು ಘಟನೆ, ನೀರು ತಲುಪುವುದು ಇನ್ನೊಂದು ಘಟನೆ. ಎರಡನೆಯದಕ್ಕೆ ನಮ್ಮ ದಾಖಲೆಯಲ್ಲಿ ಕಲಂ ಇರಲಿಲ್ಲ. ಆಗ ನಮಗೆ ತೋರಿಸಲಾಗಿದ್ದ ಸಿದ್ಧ ತಂತ್ರಾಂಶದಲ್ಲಿಯೂ ಇರಲಿಲ್ಲ. ಅದರ ಡ್ಯಾಶ್‌ಬೋರ್ಡಿನಲ್ಲಿ ಮೋಟಾರು ಓಡಿದರೆ ಹಸಿರು ಬಣ್ಣ ಬರುತ್ತಿತ್ತು.

ನಾವು ಮಾಡಿದ್ದು ಸಣ್ಣ ಕೆಲಸ. ಮೊಬೈಲ್ ನಮೂನೆಗೆ ಎರಡು ಸಾಲು ಸೇರಿಸಿದೆವು: ಕೊನೆಯ ಮನೆಯ ನಲ್ಲಿಗೆ ನೀರು ಬಂದ ಸಮಯ, ನಿಂತ ಸಮಯ. ಅದನ್ನು ತುಂಬುವ ಹೊಣೆಯನ್ನು ಕಾಲೋನಿಯಲ್ಲೇ ವಾಸಿಸುವ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಒಪ್ಪಿಕೊಂಡರು. ಕೆಲವು ವಾರಗಳ ನಮೂದುಗಳನ್ನು ಮೋಟಾರಿನ ನಮೂದುಗಳ ಪಕ್ಕದಲ್ಲಿಟ್ಟಾಗ ಕಾರಣ ಕಾಣಿಸಿತು. ಮೂರು ಫೇಸ್ ವಿದ್ಯುತ್ ನಡುವೆ ಕಡಿತವಾದ ದಿನಗಳಲ್ಲಿ ಟ್ಯಾಂಕು ಪೂರ್ತಿ ತುಂಬುತ್ತಿರಲಿಲ್ಲ. ಅರೆತುಂಬಿದ ಟ್ಯಾಂಕಿನ ಒತ್ತಡದಲ್ಲಿ ನೀರು ದೊಡ್ಡ ಬೀದಿಗೇ ಮುಗಿದುಹೋಗುತ್ತಿತ್ತು. ಅಂಥ ದಿನಗಳಲ್ಲಿ ಕಾಲೋನಿಯ ವಾಲ್ವನ್ನು ಮೊದಲು ತೆರೆಯಬೇಕೆಂದು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ತೀರ್ಮಾನಿಸಿತು. ದೊಡ್ಡ ಬೀದಿಯವರ ಆಕ್ಷೇಪ ಬಂತು. ಆ ಆಕ್ಷೇಪಕ್ಕೆ ಉತ್ತರ ಕೊಡಲು ದಿನಾಂಕ, ಸಮಯ ಸಹಿತವಾದ ದಾಖಲೆ ನಮ್ಮ ಕೈಯಲ್ಲಿತ್ತು. ನೀರುಗಂಟಿಯ ಮೇಲಿದ್ದ ಅಪವಾದವೂ ಅದರಿಂದಲೇ ನೀಗಿತು.

ಈ ಪ್ರಸಂಗದಿಂದ ನಾನು ಎತ್ತಿಹೇಳಬಯಸುವುದು ಇಷ್ಟು. ಯಾವುದನ್ನು ಘಟನೆಯೆಂದು ಎಣಿಸಬೇಕು ಎಂಬ ತೀರ್ಮಾನವನ್ನು ವಿಶೇಷೋದ್ದೇಶದ ತಂತ್ರಾಂಶವು ನಮ್ಮ ಪರವಾಗಿ ಮೊದಲೇ ಮಾಡಿಬಿಟ್ಟಿರುತ್ತದೆ. ಅದು ಎಣಿಸದೆ ಬಿಟ್ಟದ್ದು ಕಡತದಲ್ಲಿ ಇಲ್ಲ. ಕಡತದಲ್ಲಿ ಇಲ್ಲದ್ದು ಸಭೆಯ ಮುಂದೆ ಬರುವುದಿಲ್ಲ. ಬಿಟ್ಟುಹೋಗುವವರು ಸಾಮಾನ್ಯವಾಗಿ ಕೊಳವೆಯ ಕೊನೆಯಲ್ಲಿರುವವರು. ಆದ್ದರಿಂದ ನಮೂನೆಗೆ ಒಂದು ಸಾಲು ಸೇರಿಸುವ ಅಧಿಕಾರ ಪಂಚಾಯಿತಿಯ ಕೈಯಲ್ಲಿರುವುದು ಆಡಳಿತದ ದೃಷ್ಟಿಯಿಂದ ಮಹತ್ತ್ವದ ಸಂಗತಿ.

5. ಎರಡೂ ಬಗೆಗಳು ಎಡವಿದ ಪ್ರಸಂಗಗಳು

ಹಾಗೆಂದು ಹೊಂದಿಸಿಕೊಳ್ಳಬಹುದಾದ ತಂತ್ರಾಂಶ ಎಲ್ಲಕ್ಕೂ ಮದ್ದು ಎಂದು ತಿಳಿಯಬಾರದು. ಎರಡೂ ಬಗೆಗಳು ಹೇಗೆ ಕೈಕೊಡುತ್ತವೆ ಎಂಬುದಕ್ಕೆ, ಎಲ್ಲರಿಗೂ ತಿಳಿಯುವಂತೆ ದಾಖಲಾಗಿರುವ ಎರಡು ಪ್ರಸಂಗಗಳನ್ನು ಇಂಗ್ಲೆಂಡಿನ ಸಾರ್ವಜನಿಕ ಸೇವೆಯಿಂದ ಆರಿಸಿಕೊಂಡಿದ್ದೇನೆ. ಎರಡರಲ್ಲೂ ಸಂಸ್ಕರಿಸಬೇಕಿದ್ದದ್ದು ಘಟನಾ ದತ್ತಾಂಶವೇ.

ಮೊದಲನೆಯದು ವಿಶೇಷೋದ್ದೇಶದ ತಂತ್ರಾಂಶದ ಕಥೆ. ಲಂಡನ್ ಆಂಬುಲೆನ್ಸ್ ಸೇವೆಯು 1992ರ ಅಕ್ಟೋಬರ್ 26ರಂದು ತುರ್ತು ಕರೆಗಳಿಗೆ ವಾಹನಗಳನ್ನು ತಾನೇ ನಿಯೋಜಿಸುವ ಗಣಕ ವ್ಯವಸ್ಥೆಯನ್ನು ಜಾರಿಗೆ ತಂದಿತು. ಪ್ರತಿ ವಾಹನ ಈಗ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಮಾಹಿತಿ ಸದಾ ನಿಖರವಾಗಿರುತ್ತದೆ ಎಂಬ ಗ್ರಹಿಕೆಯ ಮೇಲೆ ಅದು ನಿಂತಿತ್ತು. ವಾಸ್ತವದಲ್ಲಿ ಮಾಹಿತಿ ತಡವಾಗಿ, ತಪ್ಪಾಗಿ ಬಂತು. ಒಂದೇ ಕರೆಗೆ ಎರಡು ವಾಹನಗಳು ಹೋದವು. ಹತ್ತಿರದ ವಾಹನವನ್ನು ಬಿಟ್ಟು ದೂರದ್ದನ್ನು ಕಳುಹಿಸಲಾಯಿತು. ಕಾದು ಬೇಸತ್ತವರು ಮತ್ತೆ ಮತ್ತೆ ಕರೆ ಮಾಡಿದ್ದರಿಂದ ಹೊರೆ ಇನ್ನಷ್ಟು ಏರಿತು. ಮರುದಿನವೇ ಭಾಗಶಃ ಹಳೆಯ ಪದ್ಧತಿಗೆ ಮರಳಬೇಕಾಯಿತು. ನವೆಂಬರ್ 4ರಂದು ವ್ಯವಸ್ಥೆ ಸಂಪೂರ್ಣ ನಿಂತುಹೋಗಿ, ಸಿಬ್ಬಂದಿ ಕಾಗದಕ್ಕೆ ಹಿಂದಿರುಗಿದರು. 1993ರಲ್ಲಿ ಪ್ರಕಟವಾದ ತನಿಖಾ ವರದಿಯು ಸಾಕಷ್ಟು ಪರೀಕ್ಷೆ ನಡೆಸದಿದ್ದುದನ್ನು, ತರಬೇತಿಯ ಕೊರತೆಯನ್ನು ಮತ್ತು ಕಡಿಮೆ ಬೆಲೆಗೆ ನೀಡಿದ ಅತಿಯಾದ ಪ್ರಾಶಸ್ತ್ಯವನ್ನು ಎತ್ತಿತೋರಿಸಿತು.

ಎರಡನೆಯದು ಹೊಂದಿಸಿಕೊಳ್ಳಬಹುದಾದ ತಂತ್ರಾಂಶದ ಕಥೆ. 2020ರಲ್ಲಿ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಒಂದೆಡೆ ಸೇರಿಸುವಾಗ ಎಕ್ಸೆಲ್‌ನ ಹಳೆಯ ಕಡತ ರೂಪ ಬಳಕೆಯಾಯಿತು. ಆ ರೂಪದ ಒಂದು ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಅದರಾಚೆಯ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋದವು. ಪರಿಣಾಮವಾಗಿ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರ ವಿವರ ದೈನಂದಿನ ವರದಿಯಿಂದ ಹೊರಗುಳಿಯಿತು. ಪರೀಕ್ಷೆಗೊಳಗಾದವರಿಗೆ ಅವರವರ ಫಲಿತಾಂಶ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಬೇಕಾದ ಸಿಬ್ಬಂದಿಗೆ ಮಾಹಿತಿ ತಡವಾಗಿ ಹೋಯಿತು.

ಇದು ನಮಗೆ ದೂರದ ಸಂಗತಿಯೇ? ಲೆಕ್ಕ ಹಾಕೋಣ. 12 ಕೊಳವೆಬಾವಿಗಳಿರುವ ಪಂಚಾಯಿತಿಯಲ್ಲಿ ಪ್ರತಿ ಮೋಟಾರು ದಿನಕ್ಕೆ ಎರಡು ಬಾರಿ ಓಡಿದರೆ, ಚಾಲನೆ ಮತ್ತು ನಿಲುಗಡೆ ಸೇರಿ ದಿನಕ್ಕೆ 48 ಘಟನೆಗಳು, ವರ್ಷಕ್ಕೆ 17,520. ಹಳೆಯ ರೂಪದ ಹಾಳೆ ನಾಲ್ಕು ವರ್ಷ ತುಂಬುವ ಮೊದಲೇ ಭರ್ತಿಯಾಗುತ್ತದೆ. ಹೊಸ ರೂಪದಲ್ಲಿ 10,48,576 ಸಾಲುಗಳಿಗೆ ಅವಕಾಶವಿದೆ. ಆದರೆ ನಮ್ಮ ಎಷ್ಟು ಗಣಕಯಂತ್ರಗಳಲ್ಲಿ ಹಳೆಯ ರೂಪದ ಕಡತಗಳೇ ಇನ್ನೂ ಉಳಿದಿವೆ ಎಂಬುದನ್ನು ತಾವು ಕಚೇರಿಗೆ ಮರಳಿ ನೋಡಬೇಕು.

ಸ್ಪ್ರೆಡ್‌ಶೀಟಿನ ಇನ್ನೊಂದು ದೋಷ ಮನೆ ಸಂಖ್ಯೆಗೆ ಸಂಬಂಧಿಸಿದ್ದು. 5-12 ಎಂದು ಮನೆ ಸಂಖ್ಯೆ ಟೈಪು ಮಾಡಿದರೆ, ಅದು ತನ್ನಷ್ಟಕ್ಕೆ ದಿನಾಂಕವಾಗಿ ಬದಲಾಗುತ್ತದೆ. ಈ ತೊಂದರೆ ನಮ್ಮೊಬ್ಬರದ್ದಲ್ಲ. ಮನುಷ್ಯನ ಕೆಲವು ವಂಶವಾಹಿಗಳ ಸಂಕ್ಷಿಪ್ತ ಹೆಸರುಗಳು ಇಂಗ್ಲಿಷ್ ತಿಂಗಳುಗಳ ಹೆಸರನ್ನು ಹೋಲುತ್ತಿದ್ದು, ಎಕ್ಸೆಲ್ ಅವುಗಳನ್ನು ದಿನಾಂಕಗಳಾಗಿ ಮಾರ್ಪಡಿಸುತ್ತಿತ್ತು. ಕೊನೆಗೆ ವಿಜ್ಞಾನಿಗಳು ಆ ಹೆಸರುಗಳನ್ನೇ ಬದಲಿಸಿದರು, 2020ರಲ್ಲಿ ಹೆಸರಿಡುವ ನಿಯಮಗಳಿಗೂ ಅದು ಸೇರಿತು. ನಾವು ಮನೆ ಸಂಖ್ಯೆಗಳನ್ನು ಬದಲಿಸಲಾರೆವು. ಆದ್ದರಿಂದ ಆ ಕಲಮನ್ನು ಮೊದಲೇ ‘ಪಠ್ಯ’ ಎಂದು ನಿಗದಿಪಡಿಸಿ ಅನಂತರ ತುಂಬಬೇಕು.

ಎಲ್ಲಕ್ಕಿಂತ ದೊಡ್ಡ ದೋಷ ಮನುಷ್ಯರಿಗೆ ಸಂಬಂಧಿಸಿದ್ದು. ಸಾಧಾರಣ ಸ್ಪ್ರೆಡ್‌ಶೀಟಿನಲ್ಲಿ ಯಾರು ಬೇಕಾದರೂ ಯಾವ ಸಾಲನ್ನಾದರೂ ಅಳಿಸಬಹುದು. ಅಳಿಸಿದ ಗುರುತೂ ಉಳಿಯದು. ಅಲ್ಲದೆ ಹಾಳೆಯನ್ನು ಕಟ್ಟಿದ ಸಿಬ್ಬಂದಿಗೆ ವರ್ಗಾವಣೆಯಾದರೆ ಅದರ ಸೂತ್ರಗಳ ಅರ್ಥ ಬಲ್ಲವರು ಯಾರೂ ಉಳಿಯುವುದಿಲ್ಲ. ಒಬ್ಬರ ನೆನಪನ್ನು ನೆಚ್ಚಿದ ವ್ಯವಸ್ಥೆ ಪಂಚಾಯಿತಿಯ ವ್ಯವಸ್ಥೆಯಲ್ಲ.

6. ಕೊಳ್ಳುವ ಮುನ್ನ ಕೇಳಬೇಕಾದ ಏಳು ಪ್ರಶ್ನೆಗಳು

ಯಾವ ಬಗೆಯ ತಂತ್ರಾಂಶವೇ ಆಗಲಿ, ಸಾಮಾನ್ಯ ಸಭೆಯ ಮುಂದೆ ಪ್ರಸ್ತಾವನೆ ಮಂಡಿಸುವ ಮುನ್ನ ಕೆಳಕಂಡ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಸೂಕ್ತ.

(1) ದತ್ತಾಂಶ ಯಾರದು, ಅದನ್ನು ಹೊರತೆಗೆಯುವುದು ಹೇಗೆ? ಎಲ್ಲ ಘಟನೆಗಳನ್ನೂ ಸಿಎಸ್‌ವಿಯಂಥ ಸರಳ ಕಡತ ರೂಪದಲ್ಲಿ, ಯಾವಾಗ ಬೇಕಾದರೂ, ಶುಲ್ಕವಿಲ್ಲದೆ ಇಳಿಸಿಕೊಳ್ಳಲು ಬರಬೇಕು. ಮುದ್ರಿತ ವರದಿ ಮಾತ್ರ ಸಿಗುತ್ತದೆ ಎಂದರೆ ದಾಖಲೆ ನಮ್ಮದಲ್ಲ. ಪ್ರಾತ್ಯಕ್ಷಿಕೆಯ ದಿನವೇ ಒಮ್ಮೆ ಇಳಿಸಿ ತೋರಿಸಲು ಹೇಳಿರಿ.

(2) ಕನ್ನಡ ಯೂನಿಕೋಡ್‌ನಲ್ಲಿದೆಯೇ? ಹಳೆಯ ನುಡಿ ಹಾಗೂ ಬರಹ ಅಕ್ಷರ ವಿನ್ಯಾಸಗಳಲ್ಲಿ ಟೈಪಾದ ಮಾಹಿತಿ ಪರದೆಯ ಮೇಲೆ ಕನ್ನಡದಂತೆ ಕಂಡರೂ, ಫಾಂಟ್ ಬದಲಾದೊಡನೆ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಹುಡುಕಲೂ, ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ.

(3) ಸ್ಥಳದ ಗುರುತು ಯಾವುದು? ಒಂದೇ ಗ್ರಾಮದ ಹೆಸರನ್ನು ಮೂವರು ಮೂರು ಬಗೆಯಲ್ಲಿ ಬರೆದರೆ ಗಣಕಕ್ಕೆ ಅವು ಮೂರು ಗ್ರಾಮಗಳು. ಕೇಂದ್ರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೆ ಸಂಕೇತ ಸಂಖ್ಯೆಯಿದೆ. ಹೆಸರಿನೊಂದಿಗೆ ಆ ಸಂಖ್ಯೆಯೂ ಇರಬೇಕು. ಹೆಸರನ್ನು ಟೈಪು ಮಾಡದೆ ಪಟ್ಟಿಯಿಂದ ಆರಿಸುವಂತಿರಬೇಕು.

(4) ತಿದ್ದುಪಡಿಯ ಗುರುತು ಉಳಿಯುತ್ತದೆಯೇ? ಯಾರು, ಯಾವಾಗ, ಯಾವುದರಿಂದ ಯಾವುದಕ್ಕೆ ಬದಲಿಸಿದರು ಎಂಬುದು ಕಾಣಬೇಕು. ಒಂದೇ ಪಾಸ್‌ವರ್ಡನ್ನು ಇಡೀ ಕಚೇರಿ ಹಂಚಿಕೊಂಡರೆ ಈ ಗುರುತಿಗೆ ಬೆಲೆಯಿಲ್ಲ ಎಂಬುದನ್ನೂ ನೆನಪಿಡಬೇಕು.

(5) ಸಂಪರ್ಕವಿಲ್ಲದಾಗ ಏನಾಗುತ್ತದೆ? ನೆಟ್‌ವರ್ಕ್ ಅಥವಾ ವಿದ್ಯುತ್ ಇಲ್ಲದ ಹೊತ್ತಿನಲ್ಲಿ ನಡೆದ ಘಟನೆ, ಸಂಪರ್ಕ ಬಂದ ಮೇಲೆ ನಿಜವಾಗಿ ನಡೆದ ಸಮಯದೊಂದಿಗೆ ಸೇರಬೇಕು.

(6) ಐದು ವರ್ಷಗಳ ಒಟ್ಟು ವೆಚ್ಚ ಎಷ್ಟು? ಒಂದು ಆಡಳಿತ ಮಂಡಳಿಯ ಅವಧಿ 5 ವರ್ಷ. ಮೊದಲ ಬೆಲೆಯೊಂದಿಗೆ ವಾರ್ಷಿಕ ನಿರ್ವಹಣೆ, ಸರ್ವರ್ ಬಾಡಿಗೆ, ಎಸ್‌ಎಂಎಸ್ ಶುಲ್ಕ, ತರಬೇತಿ, ಮತ್ತು ನಮೂನೆಯಲ್ಲಿ ಒಂದು ಸಾಲು ಬದಲಿಸುವ ಶುಲ್ಕ ಸೇರಬೇಕು. ಉಚಿತ ತಂತ್ರಾಂಶಕ್ಕೂ ಸರ್ವರ್ ಮತ್ತು ಸಿಬ್ಬಂದಿಯ ಸಮಯದ ವೆಚ್ಚವಿದೆ. ಅದನ್ನು ಶೂನ್ಯವೆಂದು ಬರೆಯುವುದು ಸರಿಯಲ್ಲ. ಖರೀದಿಯಾದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯನ್ವಯ ಕ್ರಮವಹಿಸಬೇಕೆಂಬುದು ತಮಗೆ ತಿಳಿದೇ ಇದೆ.

(7) ಯಾರ ಯಾವ ವೈಯಕ್ತಿಕ ಮಾಹಿತಿ ಸಂಗ್ರಹವಾಗುತ್ತದೆ? ದೂರು ನೀಡಿದವರ ಹೆಸರು ಮತ್ತು ದೂರವಾಣಿ ಸಂಖ್ಯೆ ದೂರು ಬಗೆಹರಿಸಲು ಬೇಕು. ಸೂಚನಾ ಫಲಕಕ್ಕೆ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣವು ನಮ್ಮ ಕಾರ್ಯನಿರ್ವಹಣೆಯನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸಲು ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವ್ಯಕ್ತಿಗಳ ಮಾಹಿತಿಯನ್ನು ಕಾಯಲು ಹೇಳುತ್ತದೆ. ಘಟನೆಯನ್ನು ಪ್ರಕಟಿಸಿ, ವ್ಯಕ್ತಿಯ ಗುರುತನ್ನು ಕಾಯ್ದಿರಿಸಿದರೆ ಎರಡನ್ನೂ ಪಾಲಿಸಿದಂತೆ.

7. ಅನುಸರಿಸಬಹುದಾದ ಕ್ರಮ

ಮೊದಲ ಹೆಜ್ಜೆಗೆ ಗಣಕಯಂತ್ರವೇ ಬೇಡ. ಒಂದು ಪುಟದ ಕಾಗದದ ಮೇಲೆ, ನಾವು ದಾಖಲಿಸಬೇಕಾದ ಘಟನೆಗಳನ್ನು ಬರೆಯಬೇಕು. ಅದನ್ನು ಬರೆಯುವಾಗ ನೀರುಗಂಟಿ, ಕರವಸೂಲಿಗಾರ, ಸ್ವಚ್ಛ ವಾಹಿನಿಯ ಚಾಲಕಿ ಮತ್ತು ಕನಿಷ್ಠ ಒಬ್ಬ ಫಲಾನುಭವಿ ಎದುರಿಗಿರಬೇಕು. “ನೀವು ಬಿಟ್ಟದ್ದು ಅವರಿಗೆ ತಲುಪಿತೆಂದು ತಿಳಿಯುವುದು ಹೇಗೆ?” ಎಂಬ ಪ್ರಶ್ನೆಯನ್ನು ಪ್ರತಿ ಘಟನೆಗೂ ಕೇಳಬೇಕು.

ಎರಡನೆಯ ಹೆಜ್ಜೆಯಾಗಿ, ಆ ಪಟ್ಟಿಯನ್ನು ಹೊಂದಿಸಿಕೊಳ್ಳಬಹುದಾದ ಉಪಕರಣದಲ್ಲಿ ಒಂದು ಪೂರ್ಣ ವರ್ಷ ನಡೆಸಬೇಕು. ವರ್ಷವೇ ಏಕೆಂದರೆ ಮಳೆಗಾಲದ ನೀರಿನ ದೂರುಗಳೇ ಬೇರೆ, ಬೇಸಿಗೆಯವೇ ಬೇರೆ. ಮೇ ತಿಂಗಳನ್ನು ದಾಟದ ನಮೂನೆಯನ್ನು ಅಂತಿಮವೆಂದು ತಿಳಿಯಬಾರದು. ಈ ಅವಧಿಯಲ್ಲಿ ಮೂಲ ನಮೂದುಗಳ ಹಾಳೆಯನ್ನು ಯಾರೂ ಮುಟ್ಟಕೂಡದು. ವರದಿ, ಕೂಡಿಸುವುದು, ಬಣ್ಣ ಹಚ್ಚುವುದು ಎಲ್ಲವೂ ಅದರ ಪ್ರತಿಯಲ್ಲಿ ಆಗತಕ್ಕದ್ದು. ನಮೂನೆಯಲ್ಲಿ ಮಾಡಿದ ಪ್ರತಿ ಬದಲಾವಣೆಯನ್ನೂ ದಿನಾಂಕ ಮತ್ತು ಕಾರಣ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಬೇಕು. ವರ್ಗಾವಣೆಯಾಗಿ ಬರುವ ಮುಂದಿನ ಅಧಿಕಾರಿಗೆ ಅದೇ ಕೈಪಿಡಿ.

ಮೂರನೆಯ ಹೆಜ್ಜೆ ವರ್ಷಾಂತ್ಯದ ಪರಿಶೀಲನೆ. ನಮೂನೆಯಲ್ಲಿ ಬದಲಾವಣೆಗಳು ನಿಂತಿದ್ದರೆ, ನಮೂದುಗಳ ಸಂಖ್ಯೆ ಹೆಚ್ಚಿದ್ದರೆ, ಆಗ ವಿಶೇಷೋದ್ದೇಶದ ತಂತ್ರಾಂಶವನ್ನು ಪಡೆಯುವುದು ಯೋಗ್ಯ. ಆ ವೇಳೆಗೆ ನಮಗೆ ಏನು ಬೇಕೆಂಬುದು ನಮಗೇ ಗೊತ್ತಿರುತ್ತದೆ, ಮಾರುವವರ ಪಟ್ಟಿಯನ್ನು ನಾವು ಓದಬೇಕಾಗಿಲ್ಲ, ನಮ್ಮ ಪಟ್ಟಿಯನ್ನು ಅವರು ಓದುತ್ತಾರೆ. ಬದಲಾವಣೆಗಳು ಇನ್ನೂ ನಡೆಯುತ್ತಿದ್ದರೆ ಕಾಯುವುದೇ ಯೋಗ್ಯ. ಹೊಸದಕ್ಕೆ ದಾಟುವಾಗ ಕೆಲವು ವಾರ ಹಳೆಯದು, ಹೊಸದು ಎರಡನ್ನೂ ನಡೆಸಿ ತಾಳೆ ನೋಡಬೇಕು. ಒಂದೇ ದಿನದಲ್ಲಿ ಹಳೆಯದನ್ನು ಕೈಬಿಟ್ಟದ್ದರ ಫಲವನ್ನು ಲಂಡನ್ನಿನ ಪ್ರಸಂಗದಲ್ಲಿ ಕಂಡಿದ್ದೇವೆ.

ಜಿಲ್ಲಾ ಪಂಚಾಯಿತಿಯಲ್ಲಿ ಒಂದು ವಿನಂತಿ. ಪ್ರತಿ ಗ್ರಾಮ ಪಂಚಾಯಿತಿ ತನ್ನದೇ ಸಂಕೇತಗಳನ್ನು ಬಳಸಿದರೆ ಜಿಲ್ಲಾ ಮಟ್ಟದಲ್ಲಿ ಕ್ರೋಡೀಕರಿಸಲು ಬರುವುದಿಲ್ಲ. ಘಟನೆಗಳ ಸಾಮಾನ್ಯ ಪಟ್ಟಿ, ಗ್ರಾಮ ಸಂಕೇತಗಳು, ದಿನಾಂಕ ಮತ್ತು ಸಮಯ ಬರೆಯುವ ಏಕರೂಪ ವಿಧಾನ, ಇಷ್ಟನ್ನು ಜಿಲ್ಲಾ ಪಂಚಾಯಿತಿ ನಿಗದಿಪಡಿಸಿ, ಅದರ ಮೇಲೆ ತಮಗೆ ಬೇಕಾದ ಸಾಲುಗಳನ್ನು ಸೇರಿಸುವ ಸ್ವಾತಂತ್ರ್ಯವನ್ನು ಗ್ರಾಮ ಪಂಚಾಯಿತಿಗಳಿಗೆ ಬಿಟ್ಟರೆ, ಏಕರೂಪತೆ ಮತ್ತು ಹೊಂದಾಣಿಕೆ ಎರಡೂ ಸಾಧ್ಯ.

ಮಿತ್ರರೇ, ಜಮಾಬಂದಿಯಲ್ಲಿ ನಾವು ಲೆಕ್ಕವನ್ನು ಜನರ ಮುಂದೆ ಇಡುತ್ತೇವೆ. ಘಟನೆಗಳ ದಾಖಲೆಯನ್ನೂ ಹಾಗೆಯೇ ವಾರ್ಡ್ ಸಭೆಯ ಮುಂದೆ ಓದಿ ಹೇಳುವ ಪದ್ಧತಿಯನ್ನು ಆರಂಭಿಸೋಣ. ಯಾವ ದಿನ ನೀರು ಬಿಟ್ಟೆವು, ಯಾವ ದಿನ ಅದು ಕೊನೆಯ ಮನೆಗೆ ತಲುಪಿತು, ಯಾವ ದೂರು ಎಷ್ಟು ದಿನದಲ್ಲಿ ಬಗೆಹರಿಯಿತು ಎಂಬುದನ್ನು ಕೇಳಿದ ಜನ ತಮ್ಮ ಅನುಭವದೊಂದಿಗೆ ತಾಳೆ ನೋಡುತ್ತಾರೆ. ತಪ್ಪಿದ್ದರೆ ಅಲ್ಲೇ ಹೇಳುತ್ತಾರೆ. ತಂತ್ರಾಂಶವನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಸಭೆ ನಮಗೆ ಬೇರೆ ಇಲ್ಲ.